ಕವಿತೆ ಓದುವವರಿಗೆ ಸಂದಿಗ್ಧ ಯಾಕೆ ಅಷ್ಟು ಕಾಡುವುದಿಲ್ಲ?

ಮೊದಲು ಈ ಎರಡು ಸಾಲು ಓದಿ.

ನೆರೆ ಬಂತು ಬಾಗಿಲಿಗೆ,
ಅಮ್ಮಿ ಚಹಾಕ್ಕೆ ನೀರಿಟ್ಟಳು.

ನಾನೇ ಬರೆದದ್ದು, ದೊಡ್ಡ ಕವಿತೆಯೇನಲ್ಲ. ಒಂದು ಸಣ್ಣ ಪತ್ರಿಕೆಗೆ ಕಳಿಸಿದ್ದೆ. ಸಂಪಾದಕರು ಫೋನ್ ಮಾಡಿದರು: "ಇಲ್ಲಿ ನೆರೆ ಅಂದ್ರೆ ಯಾವುದು? ಪ್ರವಾಹಾನಾ, ಅಕ್ಕಪಕ್ಕದವರಾ? ನೆರೆಯವರು ಅಂತ ತಿದ್ದಿಬಿಡಲಾ?" ನಾನು ಒಂದು ನಿಮಿಷ ಸುಮ್ಮನಾದೆ. ಅವರು ಕೇಳಿದ್ದು ತಪ್ಪಲ್ಲ. ಕನ್ನಡದಲ್ಲಿ ನೆರೆ ಅಂದರೆ ಉಕ್ಕಿ ಬರುವ ನೀರು. ನೆರೆಹೊರೆಯ ನೆರೆಯೂ ಅದೇ. ಜನ ಸೇರಿದರೆ ನೆರೆದರು ಅಂತೀವಿ, ಅದೂ ಅದೇ ಸದ್ದು. ಹಾಗಾದರೆ ಅಮ್ಮಿ ಚಹಾ ಮಾಡಿದ್ದು ಬಂದ ನೆಂಟರಂಥವರಿಗಾ, ಇಲ್ಲಾ ಮನೆಗೆ ನೀರು ನುಗ್ಗುತ್ತಿರುವಾಗ ಏನು ಮಾಡಬೇಕೆಂದು ತೋಚದೆ ಒಲೆ ಹಚ್ಚಿದ್ದಾ?

ಈಗ ನಿಮ್ಮನ್ನೇ ಕೇಳ್ತೀನಿ. ಓದಿದಾಗ ನಿಮಗೆ ಏನನಿಸಿತು? "ಅದೇನು ಸರಿಯಾಗಿ ಹೇಳಬಾರದಾ" ಅಂತ ಸ್ವಲ್ಪ ಕಿರಿಕಿರಿಯಾಯಿತಾ? ಅಥವಾ ಎರಡೂ ಚಿತ್ರ ಒಟ್ಟಿಗೆ ಕಣ್ಣಿಗೆ ಬಂದು, ಇರಲಿ ಬಿಡು ಅನಿಸಿತಾ? ಈ ಲೇಖನ ಇರುವುದು ಆ ಕಿರಿಕಿರಿಗೂ ಆ "ಇರಲಿ ಬಿಡು"ಗೂ ನಡುವಿನ ಜಾಗದ ಬಗ್ಗೆ. ಎರಡರ್ಥ ಅಂದ ತಕ್ಷಣ ಸಿನಿಮಾದ ಡಬಲ್ ಮೀನಿಂಗ್ ಡೈಲಾಗ್ ನೆನಪಾಗುತ್ತದೆ ಅನ್ನುವ ಕಾರಣಕ್ಕೆ ನಾನು ಇಲ್ಲಿ ಸಂದಿಗ್ಧ ಅನ್ನುವ ಪದ ಬಳಸುತ್ತೇನೆ. ಒಂದು ಮಾತಿಗೆ, ಒಂದು ಘಟನೆಗೆ, ಒಬ್ಬ ಮನುಷ್ಯನಿಗೆ ಒಂದಕ್ಕಿಂತ ಹೆಚ್ಚು ಅರ್ಥ ಇರಬಹುದು, ಅದರಲ್ಲಿ ಯಾವುದು ಖರೆ ಅಂತ ಈಗಲೇ ಗೊತ್ತಾಗುವುದಿಲ್ಲ ಅನ್ನುವ ಸ್ಥಿತಿ.

ಈ ಸ್ಥಿತಿಯಲ್ಲಿ ಕೂರಲು ಕೆಲವರಿಗೆ ಸುಲಭ, ಕೆಲವರಿಗೆ ಬಲು ಕಷ್ಟ. ಮನಶ್ಶಾಸ್ತ್ರದಲ್ಲಿ ಇದನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಮೊದಲಿಗರು ಎಲ್ಸೆ ಫ್ರೆಂಕೆಲ್-ಬ್ರುನ್ಸ್‌ವಿಕ್. ಯಹೂದಿ ಕುಟುಂಬದ ಹೆಣ್ಣುಮಗಳು, ವಿಯೆನ್ನಾದಲ್ಲಿ ಓದಿದವರು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದ ಮೇಲೆ ದೇಶ ಬಿಟ್ಟು ಅಮೆರಿಕ ಸೇರಿದರು. ಅಲ್ಲಿ, ಬರ್ಕ್ಲಿಯಲ್ಲಿ, ಮಕ್ಕಳಲ್ಲಿ ಬೇರೆ ಜನಾಂಗಗಳ ಬಗ್ಗೆ ಪೂರ್ವಗ್ರಹ ಹೇಗೆ ಬೆಳೆಯುತ್ತದೆ ಅಂತ ನೋಡತೊಡಗಿದರು. 1949ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು ಹೇಳುವ ಒಂದು ಪ್ರಯೋಗ ಇದು: ಮಕ್ಕಳಿಗೆ ಮೊದಲು ಒಂದು ನಾಯಿಯ ಚಿತ್ರ ತೋರಿಸುವುದು. ಆಮೇಲೆ ಒಂದಾದ ಮೇಲೊಂದು ಚಿತ್ರ, ಪ್ರತಿಯೊಂದರಲ್ಲೂ ನಾಯಿ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತದೆ, ಕೊನೆಗೆ ಅದು ಬೆಕ್ಕು. ಪ್ರತಿ ಚಿತ್ರಕ್ಕೂ "ಇದೇನು?" ಅಂತ ಕೇಳುವುದು. ಪೂರ್ವಗ್ರಹ ಹೆಚ್ಚಿದ್ದ ಮಕ್ಕಳು ಚಿತ್ರ ಬದಲಾಗಿದ್ದರೂ ನಾಯಿಯನ್ನೇ ಹಿಡಿದುಕೊಂಡು ಕೂರುವ ಕಡೆಗೆ ಹೆಚ್ಚು ವಾಲಿದರು. ಕಣ್ಣ ಮುಂದೆ ಇರುವುದು ನಾಯಿಯೂ ಅಲ್ಲದ ಬೆಕ್ಕೂ ಅಲ್ಲದ ಒಂದು ಪ್ರಾಣಿ, ಆದರೆ ಬಾಯಲ್ಲಿ ಬರುವುದು ನಾಯಿ.

ಈ ಪ್ರಯೋಗವನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಭಯವೂ ಆಯಿತು. ಯಾಕೆಂದರೆ ಆ ನಾಯಿಯ ಜಾಗದಲ್ಲಿ ನೀವು ನಾನೇ ಇರಬಹುದು. ಒಮ್ಮೆ "ಇವರು ಹೀಗೆ" ಅಂತ ತೀರ್ಮಾನ ಮಾಡಿದ ಮೇಲೆ, ನಾವು ಎಷ್ಟು ಬದಲಾದರೂ, ಏನು ಮಾಡಿದರೂ, ನೋಡುವವನಿಗೆ ಅದೇ ನಾಯಿ ಕಾಣುತ್ತದೆ. ನಾವೂ ಇನ್ನೊಬ್ಬರನ್ನು ಹಾಗೇ ನೋಡುತ್ತೇವೆ. ಅದನ್ನು ಮುಂದೆ ಹೇಳುತ್ತೇನೆ.

ಸರಿ, ಕವಿತೆಗೂ ಇದಕ್ಕೂ ಏನು ಸಂಬಂಧ?

ನಮ್ಮ ಮನೆಯ ಮಾತಿನಿಂದಲೇ ಶುರು ಮಾಡೋಣ. ದಖನಿ ಉರ್ದುವಿನಲ್ಲಿ 'ಕಲ್' ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಮಾಮೂ ಕಲ್..." ಅಂತ ಯಾರಾದರೂ ಶುರು ಮಾಡಿದರೆ ಮಾಮೂ ಬಂದು ಹೋದರೋ ಬರಲಿದ್ದಾರೋ ಅಂತ ಗೊತ್ತಾಗಲು ಕ್ರಿಯಾಪದದವರೆಗೆ ಕಾಯಬೇಕು. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಮಾತಾಡುತ್ತಾ ಬೆಳೆದ ನಮಗೆ ಈ ಕಾಯುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಮಾತಿನಲ್ಲಿ ಸಂದಿಗ್ಧ ಒಂದೇ ಕ್ಷಣದ್ದು. ಕ್ರಿಯಾಪದ ಬಂತು, ಮುಗೀತು. ಕವಿತೆ ಮಾಡುವುದೇನೆಂದರೆ ಆ ಕ್ಷಣವನ್ನು ಎಳೆಯುತ್ತದೆ. ಕೆಲವೊಮ್ಮೆ ಮುಗಿಸುವುದೇ ಇಲ್ಲ.

ಹೈದರಾಬಾದಿನಲ್ಲೋ ಮುಂಬಯಿಯಲ್ಲೋ ಮುಶಾಯಿರಾಕ್ಕೆ ಹೋದವರಿಗೆ ಇದು ಗೊತ್ತು. ಗಜಲಿನ ಒಂದು ಶೇರ್ ಅಂದರೆ ಎರಡೇ ಸಾಲು. ಶಾಯರ್ ಮೊದಲ ಸಾಲು ಹೇಳುತ್ತಾನೆ, ನಿಲ್ಲಿಸುತ್ತಾನೆ. ಮತ್ತೆ ಅದೇ ಸಾಲು ಹೇಳುತ್ತಾನೆ. ಕೇಳುವವರೂ ಅದನ್ನು ಎತ್ತಿಕೊಂಡು ಹೇಳುತ್ತಾರೆ. ಎರಡನೇ ಸಾಲು ಎತ್ತ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಪ್ರತಿಯೊಬ್ಬರ ತಲೆಯಲ್ಲೂ ಒಂದೊಂದು ದಾರಿ. ಎರಡನೇ ಸಾಲು ಬಂದಾಗ "ವಾಹ್" ಏಳುವುದು ಅರ್ಥ ಸಿಕ್ಕಿತು ಅಂತ ಮಾತ್ರ ಅಲ್ಲ, ತಾನು ಅಂದುಕೊಂಡದ್ದು ತಪ್ಪಾಯಿತಲ್ಲ ಅನ್ನುವ ಸಂತೋಷಕ್ಕೂ. ಯೋಚಿಸಿ ನೋಡಿ, ನಮ್ಮ ಊಹೆ ಸುಳ್ಳಾದಾಗ ನಾವು ಖುಷಿಯಿಂದ ಚಪ್ಪಾಳೆ ತಟ್ಟುವ ಜಾಗ ಬದುಕಿನಲ್ಲಿ ಬೇರೆ ಎಷ್ಟಿವೆ?

ಇನ್ನು ಗಜಲಿನ ಪ್ರಿಯ ಯಾರು? ಫಾರ್ಸಿಯಲ್ಲಿ ಅವನು ಅವಳು ಅನ್ನುವ ಭೇದವೇ ಸರ್ವನಾಮದಲ್ಲಿಲ್ಲ. ಉರ್ದು ಗಜಲಿನಲ್ಲಿ ಪ್ರಿಯೆಯನ್ನೂ ಪುಲ್ಲಿಂಗದಲ್ಲೇ ಹೇಳುವ ರೂಢಿ. ಹಾಗಾಗಿ ಒಂದೇ ಶೇರ್‌ನಲ್ಲಿ ಆ ಪ್ರಿಯ ಹೆಣ್ಣಾಗಬಹುದು, ಗಂಡಾಗಬಹುದು, ದೇವರಾಗಬಹುದು, ದೊರೆಯಾಗಬಹುದು; ಫೈಜ್ ಅಹ್ಮದ್ ಫೈಜ್ (1911–1984) ಕಾಲಕ್ಕೆ ಬಂದರೆ ಕ್ರಾಂತಿಯೂ ಆಗಬಹುದು. ಒಂದೇ ಪದದ ಎರಡು ಅರ್ಥವನ್ನು ಬೇಕೆಂದೇ ಆಡಿಸುವುದಕ್ಕೆ ಉರ್ದು, ಫಾರ್ಸಿಯಲ್ಲಿ 'ಈಹಾಮ್' ಅಂತ, ಅರಬ್ಬಿಯಲ್ಲಿ 'ತೌರಿಯಾ' ಅಂತ ಹೆಸರೇ ಇದೆ. ಗಾಲಿಬ್‌ನ (1797–1869) ಉರ್ದು ದೀವಾನ್ ಗಾತ್ರದಲ್ಲಿ ಸಣ್ಣದು. ಆದರೆ ಅದಕ್ಕೆ ಬಂದ ಟೀಕೆಗಳು, ಅಂದರೆ ಶರಹ್‌ಗಳು, ಕಪಾಟು ತುಂಬುವಷ್ಟಿವೆ. 1900ರಲ್ಲಿ ನಜ್ಮ್ ತಬಾತಬಾಯಿ ಬರೆದ ಶರಹ್ ಇಂದಿಗೂ ಜನ ತೆಗೆದು ನೋಡುವಂಥದ್ದು. ಒಬ್ಬ ಟೀಕಾಕಾರ ಹೇಳಿದ್ದನ್ನು ಇನ್ನೊಬ್ಬ ಒಪ್ಪುವುದಿಲ್ಲ. ಆದರೂ ಇಬ್ಬರ ಪುಸ್ತಕವೂ ಒಂದೇ ಕಪಾಟಿನಲ್ಲಿ ಜಗಳವಿಲ್ಲದೆ ನಿಂತಿರುತ್ತವೆ.

ಇದು ಬರೀ ಕವಿಗಳ ಚಟ ಅಂತ ತಿಳಿಯಬೇಡಿ. ಜರ್ಮನಿಯ ಅರಬ್ಬಿ ವಿದ್ವಾಂಸ ಥಾಮಸ್ ಬಾವರ್ 2011ರಲ್ಲಿ ಒಂದು ಪುಸ್ತಕ ಬರೆದರು. ಹಿಂದಿನ ಮುಸ್ಲಿಂ ಸಮಾಜಗಳು ಸಂದಿಗ್ಧದ ಜೊತೆ ಬಹಳ ಸಲೀಸಾಗಿ ಬದುಕಿದ್ದವು ಅನ್ನುವುದು ಅವರ ವಾದ. ಕುರ್‌ಆನ್ ಪಠಣದಲ್ಲಿ ಒಂದಕ್ಕಿಂತ ಹೆಚ್ಚು ಕಿರಾಅತ್‌ಗಳನ್ನು ಒಪ್ಪಿದ್ದು, ತಫ್ಸೀರ್‌ಗಳಲ್ಲಿ ಒಂದೇ ಆಯತ್‌ಗೆ ನಾಲ್ಕಾರು ಅಭಿಪ್ರಾಯ ಪಕ್ಕಪಕ್ಕ ಬರೆದಿಟ್ಟದ್ದು, ಶರೀಅತ್ ಪಾಠ ಮಾಡುವ ಆಲಿಮರೇ ಪ್ರೇಮದ ಕವಿತೆ ಬರೆದದ್ದು, ಇವೆಲ್ಲ ಅವರ ಉದಾಹರಣೆಗಳು. ಎಲ್ಲದಕ್ಕೂ ಒಂದೇ ಅರ್ಥ ಬೇಕು ಅನ್ನುವ ಹಟ ಹೆಚ್ಚಾಗಿ ಆಧುನಿಕ ಕಾಲದ್ದು, ಅದರಲ್ಲಿ ಯುರೋಪಿನ ಪಾಲೂ ಇದೆ ಅನ್ನುತ್ತಾರೆ ಬಾವರ್. ಪೂರ್ತಿ ಒಪ್ಪಬೇಕಿಲ್ಲ. ಹಳೆಯ ಕಾಲದಲ್ಲೂ ಅರ್ಥದ ಹೆಸರಿನಲ್ಲಿ ತಲೆ ಉರುಳಿವೆ. ಆದರೂ ಅಜ್ಜಂದಿರಿಗೆ ಇದ್ದ ತಾಳ್ಮೆ ನಮಗೆ ಕಡಿಮೆಯಾಗಿದೆ ಅನ್ನುವ ಮಾತು ಮನಸ್ಸಿಗೆ ತಾಗುತ್ತದೆ.

ನಮ್ಮ ತಾಳ್ಮೆ ಕೆಟ್ಟದ್ದು ಎಲ್ಲಿ ಅಂದರೆ, ನನ್ನ ಗುಮಾನಿ ಶಾಲೆಯ ಮೇಲೆ. "ಈ ಪದ್ಯದ ಸಾರಾಂಶ ಬರೆಯಿರಿ, ಐದು ಅಂಕ." ನಾನು ಓದಿದ ಕನ್ನಡ ಶಾಲೆಯಲ್ಲಿ ಪದ್ಯ ಅಂದರೆ ಒಂದು ಡಬ್ಬಿ, ಒಳಗೆ ಸಾರಾಂಶ ಇದೆ, ಮೇಷ್ಟ್ರು ಡಬ್ಬಿ ತೆಗೆದು ಸಾರಾಂಶ ಕೊಡುತ್ತಾರೆ, ನಾವು ಪರೀಕ್ಷೆಯಲ್ಲಿ ವಾಪಸ್ ಕೊಡಬೇಕು. ಗೈಡಿನಲ್ಲಿ ಇದ್ದದ್ದಕ್ಕಿಂತ ಬೇರೆ ಬರೆದರೆ ಅಂಕ ಹೋಯಿತು. ಹೀಗೆ ಹತ್ತು ವರ್ಷ ಪದ್ಯ ಓದಿದವನಿಗೆ ಸಂದಿಗ್ಧದ ಅಭ್ಯಾಸ ಆಗುವುದಿಲ್ಲ, ಅದರ ಬಗ್ಗೆ ಭಯ ಆಗುತ್ತದೆ. ಕವಿತೆ ಓದಿದರೆ ಮನಸ್ಸು ವಿಶಾಲವಾಗುತ್ತದೆ ಅಂತ ಹೇಳುವವರು ಈ ಮಾತನ್ನು ಮರೆಯುತ್ತಾರೆ.

ಇದಕ್ಕೆ ಎದುರಾಗಿ ಶಿಶುನಾಳ ಶರೀಫರನ್ನು (1819–1889) ಇಟ್ಟು ನೋಡಿ. ಹುಟ್ಟಿನಿಂದ ಮುಸಲ್ಮಾನರು, ಗುರು ಗೋವಿಂದ ಭಟ್ಟರು ಬ್ರಾಹ್ಮಣರು; ಈ ಬದುಕೇ ಒಂದು ಹೆಸರಿನ ಚೀಟಿ ಅಂಟಿಸಲು ಬಗ್ಗುವುದಿಲ್ಲ. ಮನೆಯ ಮಾಳಿಗೆ ಸೋರುವ ಅವರ ಹಾಡು ಕೇಳದ ಕನ್ನಡಿಗ ಇಲ್ಲ. ಅದು ಮನೆಯಾ, ದೇಹವಾ, ಮನಸ್ಸಾ? ದೇಹ ಅಂತ ಹೇಳಿಬಿಟ್ಟರೆ ಸಾರಾಂಶ ಸಿಕ್ಕಿತು. ಆದರೆ ಮಳೆಗಾಲದಲ್ಲಿ ನಿಜವಾಗಿ ಸೋರುವ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರಿಗೆ ಆ ಹಾಡಿನ ಮಾಳಿಗೆ ಮಾಳಿಗೆಯಾಗಿಯೂ ಉಳಿಯುತ್ತದೆ. ವಿಜಯಪುರದ ಕಡೆ ನಮ್ಮ ನಾನಿ ಅದನ್ನು ಗುನುಗುತ್ತಲೇ ಸೋರುವ ಜಾಗಕ್ಕೆ ಪಾತ್ರೆ ಇಡುತ್ತಿದ್ದರು. ಅವರಿಗೆ ಯಾರೂ ಐದು ಅಂಕದ ಪ್ರಶ್ನೆ ಕೇಳಿರಲಿಲ್ಲ, ಎರಡೂ ಅರ್ಥ ಒಟ್ಟಿಗೆ ಇದ್ದವು.

ಇಂಗ್ಲಿಷ್ ಕವಿ ಜಾನ್ ಕೀಟ್ಸ್ 1817ರ ಡಿಸೆಂಬರಿನಲ್ಲಿ ತನ್ನ ತಮ್ಮಂದಿರಿಗೆ ಬರೆದ ಕಾಗದದಲ್ಲಿ ಈ ಗುಣಕ್ಕೆ 'ನೆಗೆಟಿವ್ ಕೇಪಬಿಲಿಟಿ' ಅಂತ ಹೆಸರಿಟ್ಟ. ಅನುಮಾನದಲ್ಲಿ, ಗೊತ್ತಿಲ್ಲದಿರುವಿಕೆಯಲ್ಲಿ, ಕಾರಣ ಹುಡುಕಿಕೊಂಡು ಚಡಪಡಿಸದೆ ಇರಬಲ್ಲ ಶಕ್ತಿ ಅನ್ನುವುದು ಅದರ ತಾತ್ಪರ್ಯ. ಆಗ ಅವನ ವಯಸ್ಸು 22. ಅದಕ್ಕೂ ಮುಂಚೆ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತವನು ಅವನು. ರೋಗ ಏನೆಂದು ಗೊತ್ತಾಗುವ ಮುಂಚೆಯೇ ರೋಗಿಯ ಪಕ್ಕ ನಿಲ್ಲಬೇಕಾದ ಕೆಲಸ ಅದು. ಅಲ್ಲಿಂದಲೇ ಈ ಯೋಚನೆ ಬಂತೋ ಏನೋ, ನಾನು ಹಾಗೆ ಊಹಿಸಿಕೊಳ್ಳುತ್ತೇನೆ.

ಪುರಾವೆ ಏನಿದೆ ಅಂತ ವಿದ್ಯಾರ್ಥಿಗಳು ಕೇಳಬೇಕು, ಕೇಳುತ್ತೀರಿ. 2013ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಮಾಯಾ ಜಿಕಿಚ್ ಮತ್ತು ಸಂಗಡಿಗರು 100 ವಿದ್ಯಾರ್ಥಿಗಳನ್ನು ಕರೆದು ಕೆಲವರಿಗೆ ಸಣ್ಣಕತೆ, ಕೆಲವರಿಗೆ ಪ್ರಬಂಧ ಓದಲು ಕೊಟ್ಟರು. ಆಮೇಲೆ, ಬೇಗ ಒಂದು ತೀರ್ಮಾನಕ್ಕೆ ಬಂದುಬಿಡಬೇಕು ಅನ್ನುವ ತುಡಿತ ಎಷ್ಟಿದೆ ಅಂತ ಅಳೆದರು. ಕತೆ ಓದಿದವರಲ್ಲಿ ಆ ತುಡಿತ ಕಡಿಮೆ ಇತ್ತು. ಮೊದಲಿನಿಂದಲೂ ಓದುವ ಅಭ್ಯಾಸ ಇದ್ದವರಲ್ಲಿ ಪರಿಣಾಮ ಇನ್ನೂ ಸ್ಪಷ್ಟವಾಗಿತ್ತು. ಅಮೆರಿಕದ ಐದು ವೈದ್ಯಕೀಯ ಕಾಲೇಜುಗಳ 739 ವಿದ್ಯಾರ್ಥಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಇನ್ನೊಂದು ಸಮೀಕ್ಷೆಯಲ್ಲಿ ಸಾಹಿತ್ಯ, ಸಂಗೀತ, ಕಲೆಯ ಒಡನಾಟ ಹೆಚ್ಚಿದ್ದವರಲ್ಲಿ ಸಂದಿಗ್ಧವನ್ನು ಸಹಿಸುವ ಗುಣವೂ ಹೆಚ್ಚಿತ್ತು. ಆದರೆ ಎಚ್ಚರ. ಮೊದಲನೆಯದು ಕತೆಯ ಬಗ್ಗೆ, ಕವಿತೆಯ ಬಗ್ಗೆ ಅಲ್ಲ, ಅದೂ ಓದಿದ ಕೂಡಲೇ ಅಳೆದದ್ದು. ಎರಡನೆಯದು ಎರಡು ಸಂಗತಿ ಜೊತೆಗಿವೆ ಅಂತಷ್ಟೇ ಹೇಳುತ್ತದೆ. ಸಂದಿಗ್ಧ ಸಹಿಸುವವರೇ ಪುಸ್ತಕದ ಕಡೆ ಹೋಗಿರಬಹುದು. ಇಷ್ಟರಿಂದ "ದಿನಕ್ಕೊಂದು ಗಜಲ್ ಓದಿ, ಮನಸ್ಸು ಸರಿಹೋಗುತ್ತದೆ" ಅಂತ ಗುಳಿಗೆ ಮಾಡಿ ಮಾರಬಾರದು.

ಓದುವುದಕ್ಕಿಂತ ಬರೆಯುವುದು ಇನ್ನೂ ಒಳಗೆ ಕೈ ಹಾಕುತ್ತದೆ ಅನ್ನುವುದು ನನ್ನ ಅನುಭವ. ಪ್ರಬಂಧ ಬರೆಯುವಾಗ ಏನು ಹೇಳಬೇಕು ಅಂತ ಸುಮಾರಾಗಿ ಗೊತ್ತಿರುತ್ತದೆ. ಕವಿತೆ ಬರೆಯುವಾಗ ಪದವೇ ಎಳೆದುಕೊಂಡು ಹೋಗುತ್ತದೆ. ಗಜಲ್ ಬರೆಯುವವರಿಗೆ ಕಾಫಿಯಾ, ಅಂದರೆ ಪ್ರಾಸ, ಎಲ್ಲೆಲ್ಲಿಗೋ ಕರೆದೊಯ್ಯುವುದು ಗೊತ್ತೇ ಇದೆ. ನನಗೆ ಹಾಗೆ ಮಾಡಿದ್ದು ಈ 'ನೆರೆ'.

ನಾವು ಕುರ್ಲಾದ ಒಂದು ಚಾಳಿನಲ್ಲಿ ಮೊದಲ ಮಹಡಿಯಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಒಬ್ಬ ಮಾವ್ಶಿ, ಕೊಂಕಣದ ಕಡೆಯವರು. 1994ರಲ್ಲಿ ನೀರಿನ ಪಂಪಿನ ದುಡ್ಡಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಅವರು ಅಮ್ಮಿಗೆ ಒಂದು ಮಾತಂದರು: "ತುಮ್ಚ ಕಾಯ್, ತುಮ್ಹಿ ಜಾಲ್ ಗಾವಾಲಾ." ನಿಮಗೇನು, ನೀವು ಊರಿಗೆ ಹೋಗ್ತೀರಿ. ಮುಂಬಯಿಯಲ್ಲಿ ಗಲಭೆ ಮುಗಿದು ವರ್ಷವಾಗಿತ್ತು ಅಷ್ಟೇ. ಎಲ್ಲರ ಕಿವಿಯೂ ಚೂಪಾಗಿದ್ದ ಕಾಲ. ಅಮ್ಮಿಗೆ ಆ ಮಾತು ಕೇಳಿಸಿದ್ದು ಒಂದೇ ರೀತಿ: ಹೊರಗಿನವರು ನೀವು, ಹೊರಡಿ. ಅಂದಿನಿಂದ ಮಾತು ಬಂದ್. 11 ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆಯಲ್ಲಿ ನಾವೂ ಆ ಮಾತನ್ನು ಹಾಗೇ ಕಲಿತೆವು.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಎಲ್ಲ ನೀರು. ಸಂಜೆ ಹೊತ್ತಿಗೆ ಕೆಳಗಿನ ಮನೆಗಳಲ್ಲಿ ಎದೆಮಟ್ಟ. ಕರೆಂಟಿಲ್ಲ. ಬಾಗಿಲು ಬಡಿದ ಸದ್ದಾಯಿತು. ಮಾವ್ಶಿ ತಲೆ ಮೇಲೆ ಒಂದು ಟ್ರಂಕು, ಕೈಯಲ್ಲಿ ಮೊಮ್ಮಗ. ಅಮ್ಮಿ ಏನೂ ಮಾತಾಡಲಿಲ್ಲ. ಒಲೆ ಮೇಲೆ ನೀರಿಟ್ಟಳು.

ಆ ರಾತ್ರಿ ಮಾತಿಗೆ ಮಾತು ಬಂದು ಮಾವ್ಶಿ ತಮ್ಮ ಊರಿನ ಕತೆ ಹೇಳಿದರು. ಗಂಡ ಸತ್ತ ಮೇಲೆ ಮೈದುನರು ಮನೆ ಹಂಚಿಕೊಂಡಿದ್ದರು, ಇವರಿಗೆ ಹೋಗಲು ಊರೇ ಉಳಿದಿರಲಿಲ್ಲ. ಈ ಖೋಲಿ ಬಿಟ್ಟರೆ ಜಾಗವಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು, ಆದರೆ ಜೋಡಿಸಿ ನೋಡಿರಲಿಲ್ಲ. ಸುಮಾರು ವರ್ಷದ ಮೇಲೆ ಆ ಮಳೆಯ ಬಗ್ಗೆ ಬರೆಯಲು ಕೂತೆ. ಬರೀ ನೀರಿನ ಬಗ್ಗೆ ಬರೆಯುವ ಉದ್ದೇಶ. 'ನೆರೆ' ಅಂತ ಬರೆದೆ, ಅದೇ ಪದದ ಬಾಗಿಲಿನಿಂದ ಮಾವ್ಶಿ ಒಳಗೆ ಬಂದರು, ಹೊರಗೆ ಕಳಿಸಲಾಗಲಿಲ್ಲ. ಬಂದ ಮೇಲೆ ಆ ಹಳೆಯ ಮಾತೂ ಬಂತು. ಆಗ ಹೊಳೆಯಿತು: ನಿಮಗೇನು, ನೀವು ಊರಿಗೆ ಹೋಗ್ತೀರಿ ಅನ್ನುವುದನ್ನು ಊರಿಲ್ಲದವರು ಹೇಳಿದರೆ ಅದರಲ್ಲಿ ಹೊಟ್ಟೆಕಿಚ್ಚೂ ಇರಬಹುದು, ಸಂಕಟವೂ ಇರಬಹುದು. ನಿಮಗೆ ಹೋಗಲಿಕ್ಕೆ ಒಂದು ಊರಾದರೂ ಇದೆ.

ಹಾಗಂತ ಅಮ್ಮಿ ಕೇಳಿದ್ದು ತಪ್ಪು ಅಂತ ನಾನು ಹೇಳಲಾರೆ. ಆ ವರ್ಷಗಳಲ್ಲಿ ಆ ಮಾತಿಗೆ ಆ ಅರ್ಥವೂ ಇತ್ತು, ಮಾವ್ಶಿಯ ಬಾಯಲ್ಲೂ ಇದ್ದಿರಬಹುದು. ಎರಡೂ ಒಂದೇ ಉಸಿರಿನಲ್ಲಿ ಬಂದಿರಬಹುದು. ಇದಕ್ಕೇ ಸಂಪಾದಕರಿಗೆ "ತಿದ್ದಬೇಡಿ, ಹಾಗೇ ಇರಲಿ" ಅಂದೆ. ನೆರೆಯವರು ಅಂತ ಮಾಡಿದರೆ ನೀರು ಹೋಗುತ್ತದೆ. ಪ್ರವಾಹ ಅಂತ ಮಾಡಿದರೆ ಮಾವ್ಶಿ ಹೋಗುತ್ತಾರೆ.

ಇಲ್ಲಿ ಒಂದು ತಕರಾರು ಬರುತ್ತದೆ, ಬರಲೇಬೇಕು. ಎಲ್ಲದಕ್ಕೂ ಎರಡರ್ಥ ಅಂತ ಕೂತರೆ ಬದುಕು ನಡೆಯುತ್ತದಾ? ಇಲ್ಲ. ಗುಳಿಗೆ ಎಷ್ಟು ಹೊತ್ತಿಗೊಂದು ಅನ್ನುವುದರಲ್ಲಿ, ಬಾಡಿಗೆ ಕರಾರಿನಲ್ಲಿ, ನಿಕಾಹ್‌ನಾಮಾದ ಮಹರ್‌ನಲ್ಲಿ ಸಂದಿಗ್ಧ ಇರಬಾರದು. ಇದ್ದರೆ ನಷ್ಟ ಆಗುವುದು ಸಾಮಾನ್ಯವಾಗಿ ಹೆಣ್ಣಿಗೆ, ಬಡವನಿಗೆ. ಕಣ್ಣೆದುರು ಅನ್ಯಾಯ ನಡೆಯುವಾಗ "ಎರಡೂ ಕಡೆ ತಪ್ಪಿದೆ" ಅಂತ ಜಾರಿಕೊಳ್ಳುವುದು ಸಂದಿಗ್ಧದ ಸಹನೆ ಅಲ್ಲ, ಹೇಡಿತನ. ಒಳ್ಳೆಯ ಕವಿತೆ ಗೊಂದಲವಾಗಿರುವುದೂ ಇಲ್ಲ. 'ನೆರೆ'ಗೆ ಎರಡು ಅರ್ಥ, ಇಪ್ಪತ್ತಲ್ಲ. ಎರಡೂ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ಏನು ಬೇಕಾದರೂ ಅರ್ಥ ಮಾಡಿಕೊಳ್ಳಿ ಅನ್ನುವ ಕವಿತೆ ಬರೆದವನು ಕೆಲಸ ಮುಗಿಸಿಲ್ಲ ಅಂತಲೇ ಅರ್ಥ. ಇನ್ನು ಕವಿಗಳೆಲ್ಲ ದೊಡ್ಡ ಮನಸ್ಸಿನವರು ಅಂತೇನೂ ಇಲ್ಲ. ವೇದಿಕೆ ಮೇಲೆ ಸೊಗಸಾಗಿ ಶೇರ್ ಹೇಳಿ, ಕೆಳಗೆ ಇಳಿದು ಸೊಸೆಯ ಒಂದು ಮಾತಿಗೆ ಮೂರು ತಿಂಗಳು ಮುನಿಸಿಕೊಂಡವರನ್ನು ನಾನು ನೋಡಿದ್ದೇನೆ.

ಆದರೆ ವಾಟ್ಸಾಪಿನಲ್ಲಿ ಯಾರೋ "ನೋಡೋಣ ಬಿಡಿ" ಅಂತ ಬರೆದಾಗ, ಅದು ಬೇಸರವೋ ಒಪ್ಪಿಗೆಯೋ ಅಂತ ಗೊತ್ತಾಗದಾಗ, ಉತ್ತರ ಟೈಪ್ ಮಾಡುವ ಮುಂಚೆ ಇನ್ನೊಂದು ಸಲ ಓದುವ ಅಭ್ಯಾಸ ನನಗೆ ಬಂದದ್ದು ಕವಿತೆಯಿಂದಲೇ. ನೀವೂ ಮಾಡಿ ನೋಡಿ. ಒಂದು ಕವಿತೆ ತಗೊಳ್ಳಿ, ಎರಡು ಸಲ ಗಟ್ಟಿಯಾಗಿ ಓದಿ, ಅರ್ಥ ಏನು ಅಂತ ಮಾತ್ರ ತಕ್ಷಣ ಕೇಳಿಕೊಳ್ಳಬೇಡಿ. ಒಬ್ಬರೇ ಓದುವುದಕ್ಕಿಂತ ನಾಲ್ಕು ಜನ ಕೂತು ಓದಿ; ನಿಮಗೆ ಸ್ಪಷ್ಟ ಅನಿಸಿದ್ದು ಪಕ್ಕದವರಿಗೆ ಬೇರೆಯೇ ಕೇಳಿಸಿರುತ್ತದೆ. ಆಮೇಲೆ ನಿಮ್ಮನ್ನು ಬಹಳ ದಿನದಿಂದ ಚುಚ್ಚುತ್ತಿರುವ ಯಾರದೋ ಒಂದು ಮಾತನ್ನು ಹಾಳೆಯ ಮೇಲೆ ಬರೆದು, ಅದನ್ನೂ ಒಂದು ಸಾಲಿನ ಪದ್ಯ ಅಂತಲೇ ಓದಿ.

ಆ ಕವಿತೆ ಅಚ್ಚಾದ ಮೇಲೆ ಅಮ್ಮಿಗೆ ಓದಿ ಹೇಳಿದೆ. ಮಾವ್ಶಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅಮ್ಮಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಮನೇಲಿ ಸಕ್ಕರೆ ಇರಲಿಲ್ಲ, ಆಕೆಯ ಟ್ರಂಕಿನಿಂದಲೇ ಬೆಲ್ಲ ತೆಗೆದು ಹಾಕಿದ್ದು, ಅದನ್ನ ಬರೀಲೇ ಇಲ್ಲ ನೀನು" ಅಂದಳು.